ಪೆನ್ಸಿಲ್ ಮುಟ್ಟದ ಮುಖ

ಬಾಯಮ್ಮನ ಶವಪೆಟ್ಟಿಗೆಯ ಮುಂದೆ ನಿಂತು ಪಾದ್ರಿಗಳು, "ಈ ತಾಯಿ ತನಗೆ ಕೆಡುಕು ಮಾಡಿದ ಎಲ್ಲರನ್ನೂ ಕ್ಷಮಿಸಿದವರು" ಎಂದಾಗ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕಾಯಿತು. ನೋಡಿದವರು ಅಳು ಎಂದುಕೊಂಡರು. ಪಾದ್ರಿಗಳು ಊರಿಗೆ ಹೊಸಬರು, ಪಾಪ, ಅವರ ತಪ್ಪಲ್ಲ. ಹದಿಮೂರು ವರ್ಷ ಬಾಯಮ್ಮನ ಸ್ಟುಡಿಯೋದಲ್ಲಿ ಅವರ ಎದುರು ಮೇಜಿಗೆ ಕೂತು ದುಡಿದ ನನಗೆ ಗೊತ್ತು, ಆ ಹೆಂಗಸು ಒಬ್ಬರನ್ನೂ ಕ್ಷಮಿಸಿದವರಲ್ಲ. ಕಾಯುತ್ತಿದ್ದರು, ಅಷ್ಟೇ. ಅವರ ಸೇಡಿನ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ನನ್ನ ಸರದಿ ಯಾವಾಗ ಬರುತ್ತದೋ ಎಂದು ಎಂಟು ವರ್ಷ ಹೆದರಿಕೊಂಡೇ ಇದ್ದವಳು ನಾನು. ಅಂತೂ ತಪ್ಪಿಸಿಕೊಂಡೆ ಎಂದು ಆ ಬೆಂಚಿನಲ್ಲಿ ಕೂತು ಒಂದು ಗಳಿಗೆ ಸಮಾಧಾನಪಟ್ಟದ್ದೂ ಸುಳ್ಳಲ್ಲ.

ಬಾಯಮ್ಮ ಎನ್ನುವುದು ಅವರ ಹೆಸರಲ್ಲ. ಕ್ರಿಸ್ತುವರ ಮನೆಯ ಹಿರಿಯ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಮಾಳಿಗೆಯ ಮೇಲೆ ಅವರ ಗಂಡ ಇಟ್ಟಿದ್ದ ಫೋಟೋ ಸ್ಟುಡಿಯೋ. ಗಂಡ ತೀರಿಕೊಂಡ ಮರುವಾರವೇ ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಗಟ್ಟಿಗಿತ್ತಿ. ದೇವರ ಹತ್ತಿರ ಕೊಂಕಣಿ, ಗಿರಾಕಿಗಳ ಹತ್ತಿರ ಕನ್ನಡ, ಸಿಟ್ಟು ಬಂದರೆ ಮಾತ್ರ ತುಳು. ನಾನು ಬೋಳಾರದ ಮೀನುಗಾರರ ಮನೆಯವಳು. ಬೊಂಬಾಯಿಗೆ ಹೋದ ಗಂಡ ಕಾಗದ ಹಾಕುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಶಾಲೆಯಲ್ಲಿ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೊಂದೇ ನನ್ನ ಆಸ್ತಿ. ಕೆಲಸ ಕೇಳಿಕೊಂಡು ಮೆಟ್ಟಿಲು ಹತ್ತಿದ ದಿನ ಬಾಯಮ್ಮ ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮುಖದ ಕಲೆ ತೆಗೀಲಿಕ್ಕೆ ಬರ್ತದಾ?"

"ಕಲೀತೇನೆ ಬಾಯಮ್ಮ."

"ಕಲಿ. ಆದ್ರೆ ಯಾರದ್ದು ತೆಗೀಬೇಕು, ಯಾರದ್ದು ತೆಗೀಬಾರದು ಅಂತ ನಾನು ಹೇಳ್ತೇನೆ."

ಈಗಿನವರಿಗೆ ಈ ಕೆಲಸ ಗೊತ್ತಿರಲಿಕ್ಕಿಲ್ಲ. ಗಾಜಿನ ಫಲಕದ ನೆಗೆಟಿವನ್ನು ಬೆಳಕಿನ ಮೇಜಿನ ಮೇಲಿಟ್ಟು ಸೂಜಿಯಷ್ಟು ಚೂಪಾದ ಪೆನ್ಸಿಲಿನಿಂದ ತಿದ್ದುವುದು. ನೆಗೆಟಿವಿನಲ್ಲಿ ಕಪ್ಪು ಬಿಳುಪು ತಿರುಗಿ ಇರುವುದರಿಂದ ಪೆನ್ಸಿಲ್ ತಾಗಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ ಎಲ್ಲ ಮಾಯ. ಕಪ್ಪು ಬೇಕಾದರೆ ಚೂರಿಯ ಮೊನೆಯಿಂದ ಕೆರೆಯಬೇಕು. ಪೆನ್ಸಿಲನ್ನು ಒರೆಸಬಹುದು, ಚೂರಿಯ ಕೆಲಸವನ್ನು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಮಂಗಳೂರಿನಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಪೆನ್ಸಿಲಿನ ದಯೆಯಿಂದ ಚೆಂದವಾದವರೇ.

ಆದರೆ ಬಾಯಮ್ಮನ ಕೆಲವು ನೆಗೆಟಿವುಗಳ ಲಕೋಟೆಯ ಮೂಲೆಯಲ್ಲಿ ಕೆಂಪು ಶಾಯಿಯ ಗೀಟು ಇರುತ್ತಿತ್ತು. ಅದನ್ನು ನಾನು ಮುಟ್ಟುವ ಹಾಗಿಲ್ಲ. ಬಾಯಮ್ಮನ ಗಂಡನ ಮಣ್ಣಿಗೆ ಬಂದವನು ಹೊರಗೆ ನಿಂತು, "ಇನ್ನು ಈ ಹೆಂಗಸು ಸ್ಟುಡಿಯೋ ಮಾರದೆ ಎಂತ ಮಾಡ್ತದೆ?" ಎಂದಿದ್ದ ಜವಳಿ ಅಂಗಡಿಯ ಧಣಿ ಆರು ವರ್ಷದ ಮೇಲೆ ಮಗಳ ಮದುವೆಯ ಫೋಟೋಕ್ಕೆ ಬಂದ. ಮೂಗಿನ ಪಕ್ಕದ ನರಹುಲಿ, ಅದರ ಮೇಲಿನ ಒಂಟಿ ಕೂದಲು, ಕುತ್ತಿಗೆಯ ಮಡಿಕೆ ಎಲ್ಲವೂ ಒಂದೊಂದಾಗಿ ಎಣಿಸಬಹುದಾದ ಹಾಗೆ ಪ್ರಿಂಟು ಬಂತು. ಸುತ್ತ ನಿಂತಿದ್ದ ಹನ್ನೊಂದು ಜನ ಮಾತ್ರ ಗಂಧರ್ವರ ಹಾಗೆ ಹೊಳೆಯುತ್ತಿದ್ದರು. ಅವನು ಎಂತ ಹೇಳಿಯಾನು? ನನ್ನ ಮುಖ ಹೀಗಿಲ್ಲ ಎನ್ನಲಿಕ್ಕಾಗುತ್ತದೆಯೇ?

"ನೆಗೆಟಿವ್ ಸುಳ್ಳು ಹೇಳುದಿಲ್ಲ ಜಲಜ, ಪೆನ್ಸಿಲ್ ಹೇಳ್ತದೆ. ಅವನಿಗೋಸ್ಕರ ನಾನ್ಯಾಕೆ ಸುಳ್ಳು ಹೇಳ್ಬೇಕು?" ಎಂದು ಬಾಯಮ್ಮ ಚಹಾ ಊದಿ ಕುಡಿದರು.

ಇಂಥ ಬಾಯಮ್ಮ ಒಂದೇ ಒಂದು ಜಾತಿಗೆ ಲೆಕ್ಕ ನೋಡದೆ ಪೆನ್ಸಿಲ್ ಹಾಕಿಸುತ್ತಿದ್ದರು. ಅದು ನಾಯಿ.

ಜೆಪ್ಪುವಿನಲ್ಲಿ ಪಾಳುಬಿದ್ದ ಹಂಚಿನ ಕಾರ್ಖಾನೆಯ ಶೆಡ್ಡೊಂದರಲ್ಲಿ ಆಗ ಪ್ರಾಣಿದಯಾ ಮಂಡಳಿಯೊಂದಿತ್ತು. ಬೀದಿಗೆ ಬಿದ್ದ ನಾಯಿ ಬೆಕ್ಕುಗಳನ್ನು ತಂದು ಸಾಕಿ, ಗುಣಪಡಿಸಿ, ಬೇಕಾದವರ ಮನೆಗೆ ಕೊಡುವುದು ಅದರ ಕೆಲಸ. ಪ್ರತಿ ಗುರುವಾರ ಶೆಡ್ಡಿನ ಮುದುಕ ಬಾಬು ಹೊಸ ಪ್ರಾಣಿಗಳನ್ನು ಹಗ್ಗ ಹಿಡಿದು ಸ್ಟುಡಿಯೋಕ್ಕೆ ಹತ್ತಿಸುತ್ತಿದ್ದ. ಮದುಮಕ್ಕಳು ಕೂರುವ ಕೆತ್ತನೆಯ ಕುರ್ಚಿ, ಹಿಂದೆ ತೋಟ ಕಾರಂಜಿ ಬಿಡಿಸಿದ ಪರದೆ, ಅದರ ಮುಂದೆ ಕಜ್ಜಿ ಮಾಗಿದ ನಾಯಿ. "ಬೀದಿಯಲ್ಲಿ ತೆಗೆದ್ರೆ ಬೀದಿನಾಯಿ. ಕುರ್ಚಿಯಲ್ಲಿ ಕೂರಿಸಿದ್ರೆ ಮನೆಯ ನಾಯಿ" ಎನ್ನುತ್ತಿದ್ದರು ಬಾಯಮ್ಮ. ಉದುರಿದ ರೋಮವನ್ನು ನಾನು ತುಂಬುತ್ತಿದ್ದೆ, ಕಣ್ಣಿಗೆ ಹೊಳಪಿಡುತ್ತಿದ್ದೆ. ಫಲಕದ ಅಂಚಿನಲ್ಲಿ ನಂಬರು, ಪ್ರಾಣಿಗಳಿಗೆಂದೇ ಇಟ್ಟ ರಿಜಿಸ್ಟರಿನಲ್ಲಿ ಅದೇ ನಂಬರು. ಪ್ರಿಂಟುಗಳು ಮೆಟ್ಟಿಲ ಬುಡದ ಗಾಜಿನ ಪೆಟ್ಟಿಗೆಯಲ್ಲಿ ತೂಗುತ್ತಿದ್ದವು. ಪೇಟೆಗೆ ಬಂದವರು ಫೋಟೋ ನೋಡಿ ಮೆಚ್ಚಿ ಹೇಳಿಹೋದರೆ ಬಾಬು ನಾಯಿಯನ್ನು ಅವರ ಮನೆಗೆ ಮುಟ್ಟಿಸುತ್ತಿದ್ದ. ಮಂಡಳಿಯ ಕಾರ್ಯದರ್ಶಿಯಾಗಿದ್ದ ವಕೀಲರು ಮಾಡಿದ ಪದ್ಧತಿ ಅದು. ಶೆಡ್ಡಿಗೆ ಜನ ಬಂದು ಗಲಾಟೆ ಮಾಡುವುದು ಅವರಿಗೆ ಆಗುತ್ತಿರಲಿಲ್ಲ.

ಇನ್ನೂರ ಹದಿನಾಲ್ಕನೆಯ ನಂಬರಿನದು ಒಂದು ಮುದಿ ಕಂದು ನಾಯಿ. ಯಾವುದೋ ಹೋಟೆಲಿನವರು ಬಿಸಿನೀರು ಎರಚಿ ಎಡಗಣ್ಣು ಹೋಗಿತ್ತು, ರೆಪ್ಪೆ ಅಂಟಿಕೊಂಡಿತ್ತು. ಅಷ್ಟು ನೆಟ್ಟಗೆ, ಅಷ್ಟು ಹೊತ್ತು ಅಲ್ಲಾಡದೆ ಕುರ್ಚಿಯಲ್ಲಿ ಕೂತ ಮನುಷ್ಯರನ್ನೂ ನಾನು ನೋಡಿಲ್ಲ. ಕೆಲಸ ಮುಗಿದ ಮೇಲೆ ಇಳಿದು ಬಂದು ಕಪ್ಪು ಬಟ್ಟೆಯ ಕೆಳಗೆ ಕಾಣುತ್ತಿದ್ದ ಬಾಯಮ್ಮನ ಪಾದದ ಮೇಲೆ ತನ್ನ ಪಾದ ಇಟ್ಟಿತು. ಬಾಯಮ್ಮ ಬಟ್ಟೆಯೊಳಗಿನಿಂದ ತಲೆ ತೆಗೆಯಲೇ ಇಲ್ಲ, ಬಹಳ ಹೊತ್ತು. ಆಮೇಲೆ ಪ್ರತಿ ಗುರುವಾರ ಬಾಬು ಅದನ್ನೂ ಸುಮ್ಮನೆ ಕರೆದುಕೊಂಡು ಬರುತ್ತಿದ್ದ. ನಾಲ್ಕು ತಿಂಗಳಾದರೂ ಅದನ್ನು ಕೇಳಿದವರಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು, "ಇಸ್ಸಿ, ಒಕ್ಕಣ್ಣ" ಎಂದು ಮುಂದೆ ಹೋಗುತ್ತಿದ್ದರು.

ಬಾಯಮ್ಮ ಸಂಬಂಧಿಕರ ಮದುವೆಗೆಂದು ಕುಂದಾಪುರಕ್ಕೆ ಹೋಗಿದ್ದ ವಾರ ನನ್ನ ಕೈ ಸುಮ್ಮನಿರಲಿಲ್ಲ. ಆ ಫಲಕವನ್ನು ತೆಗೆದು ಮೇಜಿನ ಮೇಲಿಟ್ಟೆ. ಚೂರಿಯ ಮೊನೆಯಿಂದ ಎಡಗಡೆ ಒಂದು ಪಾಪೆ ಕೆರೆದೆ. ಪೆನ್ಸಿಲಿನಿಂದ ಅದಕ್ಕೊಂದು ಚುಕ್ಕೆ ಹೊಳಪು ಕೊಟ್ಟೆ. ಎರಡು ದಿನ ಹಿಡಿಯಿತು. ನಿಜವಾದ ಕಣ್ಣಿಗಿಂತ ನಾನು ಬರೆದ ಕಣ್ಣೇ ಚೆಂದವಿತ್ತು, ಇವತ್ತಿಗೂ ಹೇಳುತ್ತೇನೆ. ಯಾರನ್ನೂ ಕೇಳದೆ ಪ್ರಿಂಟು ಹಾಕಿ ಪೆಟ್ಟಿಗೆಯಲ್ಲಿ ತೂಗಿಸಿದೆ. ಮೂರನೆಯ ದಿನ ತೊಕ್ಕೊಟ್ಟಿನ ಒಬ್ಬ ಅಕ್ಕಿ ವ್ಯಾಪಾರಿ ಮೆಚ್ಚಿದ, ಪ್ರಿಂಟನ್ನೂ ಇಸಕೊಂಡು ಹೋದ. ಬಾಬು ನಾಯಿಯನ್ನು ದೋಣಿಯಲ್ಲಿ ನೇತ್ರಾವತಿ ದಾಟಿಸಿ, ಮನೆಯವರು ಇಲ್ಲದ ಹೊತ್ತಿಗೆ ಅಂಗಳದ ಮರಕ್ಕೆ ಕಟ್ಟಿ ಬಂದ. ನನ್ನ ಹೆಮ್ಮೆ ಕೇಳಬೇಡಿ.

ಗುರುವಾರ, ಕುಂದಾಪುರದಿಂದ ವಾಪಸು ಬಂದ ಬಾಯಮ್ಮನೂ ನಾನೂ ಶೆಡ್ಡಿಗೆ ಹೋಗಿದ್ದೆವು. ವಕೀಲರೂ ಇದ್ದರು. ಆಗ ಆ ವ್ಯಾಪಾರಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಫೋಟೋ ಹಿಡಿದು ಒಳಗೆ ನುಗ್ಗಿದ.

"ಇದೆಂತ ಮೋಸ ಸ್ವಾಮೀ? ಫೋಟೋದಲ್ಲಿ ಎರಡು ಕಣ್ಣು ಉಂಟು, ನಾಯಿಗೆ ಒಂದೇ! ಮನೆಯಲ್ಲಿ ಮಗಳ ಮದುವೆ ಉಂಟು. ಬರುವ ಬೀಗರಿಗೆ ಬಾಗಿಲಲ್ಲಿ ಒಕ್ಕಣ್ಣನ ಮುಖ ತೋರಿಸುದಾ?"

ಬಾಯಮ್ಮ ಫೋಟೋ ಇಸಕೊಂಡು ನೋಡಿದರು. ಒಂದು ಸಲ, ಒಂದೇ ಒಂದು ಸಲ, ನನ್ನ ಮುಖ ನೋಡಿದರು. ಬಾಯಿ ಬಿಟ್ಟು ನಾನು ಹೇಳಬೇಕಿತ್ತು. ಹೇಳಲಿಲ್ಲ.

"ನಾನೇ ಬರೆದದ್ದು," ಎಂದರು ಬಾಯಮ್ಮ.

ವಕೀಲರು ಕನ್ನಡಕ ಸರಿಮಾಡಿಕೊಂಡರು. "ವಾಪಸು ಬಂದ ಪ್ರಾಣಿಗೆ ಮಂಡಳಿಯಲ್ಲಿ ಎರಡನೇ ಸಲ ಜಾಗ ಇಲ್ಲ. ನಿಯಮ ಉಂಟು."

"ಹಾಗಾದ್ರೆ ನಾನು ಕೊಂಡು ಹೋಗ್ತೇನೆ. ಈಗಲೇ."

"ಹಾಗೆಲ್ಲ ಆಗ್ಲಿಕ್ಕಿಲ್ಲ. ಅರ್ಜಿ ಕೊಡಿ. ಸೋಮವಾರ ಸಮಿತಿಯಲ್ಲಿ ಇಡುವ."

ಬಾಯಮ್ಮ ಅಲ್ಲೇ ಒಂದು ಹಂಚಿನ ರಾಶಿಯ ಮೇಲೆ ಕಾಗದ ಇಟ್ಟು ಅರ್ಜಿ ಬರೆದರು. ವಕೀಲರು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು, ನಗುತ್ತಲೇ ಇಟ್ಟುಕೊಂಡರು. ಮಾರನೆಯ ಬೆಳಿಗ್ಗೆ ನಾಯಿ ಹಿಡಿಯುವವರ ಬಂಡಿ ಕರೆಸಿ ಅದನ್ನು ಹತ್ತಿಸಿಬಿಟ್ಟರು. ಆ ಬಂಡಿ ಹತ್ತಿದ ನಾಯಿ ತಿರುಗಿ ಬರುತ್ತಿರಲಿಲ್ಲ. ಮಧ್ಯಾಹ್ನ ಅದರ ಕುತ್ತಿಗೆಗೆಂದು ಹೊಸ ಚರ್ಮದ ಪಟ್ಟಿ ತೆಗೆದುಕೊಂಡು, ನೋಡಿಯಾದರೂ ಬರುತ್ತೇನೆಂದು ಹೋದ ಬಾಯಮ್ಮನಿಗೆ ಕಂಡದ್ದು ಶೆಡ್ಡಿನ ಬಾಗಿಲಲ್ಲಿ ಕೂತು ಅಳುತ್ತಿದ್ದ ಬಾಬು.

ಸ್ಟುಡಿಯೋಕ್ಕೆ ವಾಪಸು ಬಂದ ಬಾಯಮ್ಮ ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಆ ಫಲಕ ಕೊಡು" ಎಂದು ಇಸಕೊಂಡು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ರಿಜಿಸ್ಟರಿನಲ್ಲಿ ಇನ್ನೂರ ಹದಿನಾಲ್ಕರ ಮುಂದೆ ಬರೆದಿದ್ದ ವಿವರವನ್ನು ಬ್ಲೇಡಿನಿಂದ ಕೆರೆದು ಆ ಸಾಲನ್ನು ಖಾಲಿ ಬಿಟ್ಟರು. ಆಮೇಲೆ ಒಂದು ಹೊಸ ಲಕೋಟೆ ತೆಗೆದು ಅದರ ಮೇಲೆ ವಕೀಲರ ಹೆಸರು ಬರೆದು ಮೂಲೆಯಲ್ಲಿ ಕೆಂಪು ಗೀಟು ಎಳೆದರು. ಒಳಗೆ ಏನೂ ಇರಲಿಲ್ಲ. ವಕೀಲರು ಒಂದು ದಿನ ಫೋಟೋ ತೆಗೆಸಿಕೊಳ್ಳಲು ಬಂದೇ ಬರುತ್ತಾರೆಂಬುದು ಅವರ ಎಣಿಕೆ.

ಬಂದದ್ದು ಫೋಟೋಕ್ಕಲ್ಲ, ಸಿನೆಮಾಕ್ಕೆ. ಮಂಡಳಿಗೆ ಬೇಕಾದವನಾಗಿದ್ದ ಒಬ್ಬ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೋಗುವಾಗ ಕೀಲಿ ಕೊಟ್ಟು ಓಡಿಸುವ ಒಂದು ಸಿನೆಮಾ ಕ್ಯಾಮರಾ ಬಿಟ್ಟುಹೋದ. ವಕೀಲರಿಗೆ ಆ ವರ್ಷ ಚುನಾವಣೆಗೆ ನಿಲ್ಲುವ ಆಸೆ. ಮಂಡಳಿಯ ಕೆಲಸವನ್ನೆಲ್ಲ ಚಿತ್ರ ತೆಗೆದು ಊರ ದೊಡ್ಡವರನ್ನೆಲ್ಲ ಕರೆದು ತೋರಿಸಬೇಕು ಎಂದು ತೀರ್ಮಾನಿಸಿದರು. ಊರಿನಲ್ಲಿ ಕ್ಯಾಮರಾ ಹಿಡಿದು ಪುಕ್ಕಟೆ ಕೆಲಸ ಮಾಡುವವರು ಇನ್ಯಾರು? "ಹಿಂದಿನದ್ದೆಲ್ಲ ಮರೆತುಬಿಡಿ" ಎಂದು ಮೆಟ್ಟಿಲು ಹತ್ತಿ ಬಂದರು. "ಮರೆಯದೆ ಮತ್ತೆ?" ಎಂದರು ಬಾಯಮ್ಮ. ನಕ್ಕರು ಕೂಡ.

ಎಂಟು ತಿಂಗಳು ತೆಗೆದರು. ನಾಯಿಗೆ ಔಷಧಿ ಹಚ್ಚುವುದು, ಗಂಜಿ ಹಾಕುವುದು, ಫೋಟೋಕ್ಕೆ ಕೂರಿಸುವುದು, ಹೊಸ ಮನೆಯ ಮಕ್ಕಳು ಬಂದು ಅಪ್ಪಿಕೊಳ್ಳುವುದು. ಎಲ್ಲದರ ನಡುವೆ ವಕೀಲರು ಬಿಳಿ ಕೋಟು ಹಾಕಿಕೊಂಡು ಬಂದು ಪ್ರಾಣಿಯ ತಲೆ ಸವರುವುದು. ಸವರಿದ ಕೂಡಲೇ ಕಿಸೆಯಿಂದ ಅತ್ತರು ಹಾಕಿದ ಕರವಸ್ತ್ರ ತೆಗೆದು ಕೈ ಒರೆಸಿಕೊಳ್ಳುತ್ತಿದ್ದರು. ಒಂದೊಂದೇ ಬೆರಳು, ಉಗುರಿನ ಸಂದಿ ಸಮೇತ, ಮೂಗು ಕಿವಿಚಿಕೊಂಡು.

"ಕ್ಯಾಮರಾ ನಿಲ್ಲಿಸಿ ಆಯ್ತಲ್ಲ?" ಎಂದು ಒರೆಸುವ ಮೊದಲು ಕೇಳುತ್ತಿದ್ದರು.

"ಆಗದೆ ಮತ್ತೆ, ವಕೀಲರೇ?"

ಆಗಿರುತ್ತಿರಲಿಲ್ಲ. ಇಪ್ಪತ್ತು ಮೂವತ್ತು ನಾಯಿಗಳ ಬೊಗಳಾಟದಲ್ಲಿ ಕ್ಯಾಮರಾದ ಸದ್ದು ಯಾರಿಗೂ ಕೇಳುವುದಿಲ್ಲ. ಬಾಯಮ್ಮ ಕ್ಯಾಮರಾದಿಂದ ಕಣ್ಣು ತೆಗೆದು ಆಕಾಶ ನೋಡುತ್ತ ನಿಂತಿರುತ್ತಿದ್ದರು, ಸೊಂಟದ ಹತ್ತಿರ ಹಿಡಿದ ಕ್ಯಾಮರಾ ಓಡುತ್ತಲೇ ಇರುತ್ತಿತ್ತು. ಬೊಂಬಾಯಿಯಿಂದ ತೊಳೆದು ಬಂದ ಸುರುಳಿಗಳನ್ನು ಕತ್ತರಿಸಿ ಅಂಟಿಸುವ ಕೆಲಸ ನನ್ನದು. "ಒರೆಸುದನ್ನು ಕತ್ತರಿಸಬೇಡ. ಪೂರ್ತಿ ಇಡು. ಸಿನೆಮಾಕ್ಕೆ ಪೆನ್ಸಿಲ್ ಇಲ್ಲ ಜಲಜ, ಅದೇ ಅದರ ಚೆಂದ" ಎಂದರು. ನಾನು ಸಂತೋಷದಿಂದ ಅಂಟಿಸಿದೆ. ನಾಯಿಯ ಸಾವಿನಲ್ಲಿ ನನ್ನ ಪಾಲು ಎಷ್ಟಿದ್ದರೂ ಆ ಮನುಷ್ಯನ ಪಾಲು ಹೆಚ್ಚು ಎಂದು ಊರಿಗೆ ತೋರಿಸುವುದು ನನಗೂ ಬೇಕಿತ್ತು.

ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಗಣ್ಯರು, ಅವರ ನಡುವೆ ವಕೀಲರು, ಹಿಂದೆ ಕಾಲೇಜಿನ ಹುಡುಗರು. ಮೊದಲ ಸಲ ಕೈ ಒರೆಸಿದ್ದನ್ನು ಯಾರೂ ಗಮನಿಸಲಿಲ್ಲ. ಮೂರನೆಯ ಸಲ ಯಾರೋ ಕೆಮ್ಮಿದರು. ಐದನೆಯ ಸಲಕ್ಕೆ ಹಿಂದಿನಿಂದ ಕಿಸಕ್ಕೆಂದಿತು. ಆಮೇಲೆ ವಕೀಲರು ಪರದೆಯ ಮೇಲೆ ಬಂದು ನಾಯಿಯ ತಲೆ ಸವರಿದರೆ ಸಾಕು, ಇಡೀ ಭವನ ಉಸಿರು ಬಿಗಿಹಿಡಿದು ಕರವಸ್ತ್ರಕ್ಕೆ ಕಾಯುತ್ತಿತ್ತು. "ಕಿರುಬೆರಳು ಬಾಕಿ ಉಂಟು ಸ್ವಾಮೀ!" ಎಂದು ಒಬ್ಬ ಕೂಗಿದ. ನಿಲ್ಲಿಸಿ ಎನ್ನುತ್ತ ವಕೀಲರು ಎದ್ದು ನಿಂತರು. ಬೆವರು ಸುರಿಯುತ್ತಿತ್ತು. ಅಭ್ಯಾಸಬಲ, ಕಿಸೆಯಿಂದ ಕರವಸ್ತ್ರ ತೆಗೆದರು. ಭವನ ಬಿದ್ದುಹೋಗುವ ಹಾಗೆ ನಗು. ಇಷ್ಟು ವರ್ಷವಾದರೂ ಆ ನಗು ನೆನಪಾದರೆ ನನಗೆ ಹೊಟ್ಟೆ ತಣ್ಣಗಾಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ.

ಬಾಯಮ್ಮ ನಗಲಿಲ್ಲ. ಮಡಿಲಲ್ಲಿ ಜಪಸರ ಹಿಡಿದು ಕೂತಿದ್ದರು. ದೀಪ ಹತ್ತಿದ ಮೇಲೆ ನನ್ನ ಕಡೆ ತಿರುಗಿ, "ಅವನದ್ದು ಮುಗೀತು" ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ವಕೀಲರು ಚುನಾವಣೆಗೆ ನಿಲ್ಲಲಿಲ್ಲ. ಆದರೆ ಹಂಚಿನ ಕಾರ್ಖಾನೆಯ ಧಣಿ ಅವರ ಕಕ್ಷಿದಾರ. ಹದಿನೈದು ದಿನದಲ್ಲಿ ಶೆಡ್ಡು ಖಾಲಿ ಮಾಡಬೇಕೆಂದು ಕಾಗದ ಬಂತು. ಉಳಿದಿದ್ದದ್ದು ಇಪ್ಪತ್ತಮೂರು ನಾಯಿ. ಮನೆ ಸಿಗದಿದ್ದರೆ ಅವಕ್ಕೂ ಅದೇ ಬಂಡಿ. ಸೇಡು ತೀರಿಸಿಕೊಂಡ ಕೈಗೆ ಸೇಡಿನ ಬಿಸಿ ತಾಗಿತು. ಬಾಯಮ್ಮ ಅಂಗಡಿಯ ಬಾಗಿಲಿಗೆ ಇವತ್ತು ಗಿರಾಕಿಗಳಿಲ್ಲ ಎಂದು ಬರೆದು ಹಾಕಿ, ಇಪ್ಪತ್ತಮೂರನ್ನೂ ಕುರ್ಚಿಯಲ್ಲಿ ಕೂರಿಸಿ ಹೊಸದಾಗಿ ತೆಗೆದರು. ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ.

"ಅದನ್ನು ಒಳಗಿಡು. ಇದ್ದದ್ದು ಇದ್ದ ಹಾಗೆ."

ಪ್ರತಿ ಪ್ರಿಂಟಿನ ಕೆಳಗೆ ಅವರೇ ಕೈಯಾರೆ ಬರೆದರು. ಹಿಂಗಾಲು ಕುಂಟು. ಕಚ್ಚುವುದಿಲ್ಲ. ಕಿವಿ ಕೇಳಿಸುವುದಿಲ್ಲ. ಕಚ್ಚುವುದಿಲ್ಲ. ಕೋಳಿ ಕಂಡರೆ ಬಿಡುವುದಿಲ್ಲ. ಮನುಷ್ಯರನ್ನು ಕಚ್ಚುವುದಿಲ್ಲ. ಜನ ಗುಂಪು ಕಟ್ಟಿ ಓದಿದರು, ನಕ್ಕರು, ಮೆಟ್ಟಿಲು ಹತ್ತಿ ಬಂದರು. ಕುಂಟು ನಾಯಿ ವಾಮಂಜೂರಿನ ಗದ್ದೆಯ ಮನೆಯೊಂದಕ್ಕೆ ಹೋಯಿತು. ಹದಿನೈದನೆಯ ದಿನ ಉಳಿದದ್ದು ಎರಡು. ಅವು ಸಾಯುವ ತನಕ ನಮ್ಮ ಸ್ಟುಡಿಯೋದ ಮೆಟ್ಟಿಲಲ್ಲೇ ಮಲಗಿದವು.

"ಮೊದಲೇ ಹೀಗೆ ಮಾಡಿದ್ದರೆ..." ಎಂದೆ ನಾನು, ಬಾಯಿ ತಪ್ಪಿ.

"ಹೌದು," ಎಂದರು ಬಾಯಮ್ಮ. "ಮೊದಲೇ ಹೀಗೆ ಮಾಡಿದ್ದರೆ." ಅಷ್ಟೇ. ಮತ್ತೆ ಕಾಯುವುದು ನನ್ನ ಪಾಲಿಗೆ.

ಕೊನೆಯ ಎರಡು ವರ್ಷ ಅವರ ಎಡಗಣ್ಣಿನಲ್ಲಿ ಹೂವು ಬೆಳೆದು ಪೂರ್ತಿ ಬೆಳ್ಳಗಾಯಿತು. ಸಾಯುವುದಕ್ಕೆ ಕೆಲವು ತಿಂಗಳ ಮುಂಚೆ ಒಂದು ದಿನ ಆ ಕುರ್ಚಿಯಲ್ಲಿ ಹೋಗಿ ಕೂತರು. "ನಂದೊಂದು ತೆಗೆ ಮಾರಾಯ್ತಿ." ಕಪ್ಪು ಬಟ್ಟೆಯೊಳಗಿನಿಂದ ನೋಡಿದರೆ ಎದುರಿಗೆ ಆ ಬಿಳಿ ಕಣ್ಣು. ಸ್ವಲ್ಪ ಎಡಕ್ಕೆ ತಿರುಗಿ ಎಂದೆ. "ಬೇಡ. ನೇರ ತೆಗೆ" ಎಂದರು. ಬೆನ್ನು ನೆಟ್ಟಗೆ ಮಾಡಿ, ಅಲ್ಲಾಡದೆ ಕೂತರು. ಫಲಕವನ್ನು ತಾವೇ ತೊಳೆದು ತಾವೇ ಒಳಗಿಟ್ಟರು. ನನಗೆ ತೋರಿಸಲಿಲ್ಲ.

ಮಣ್ಣಾದ ಮೂರನೆಯ ದಿನ ಅವರ ತಮ್ಮ ಒಂದು ಲಕೋಟೆ ಹಿಡಿದು ನನ್ನ ಮನೆಗೆ ಬಂದ.

"ಏಳನೇ ದಿನದ ಪೂಜೆಗೆ ದೊಡ್ಡದೊಂದು ಫೋಟೋ ಆಗ್ಬೇಕು. ಕಣ್ಣು ಮಾತ್ರ ಹೀಗೆ ಇಡ್ಲಿಕ್ಕಾಗುದಿಲ್ಲ. ಸ್ವಲ್ಪ ಬರೆದು ಸರಿ ಮಾಡಿ ಕೊಡು. ನಿನಗೆ ಕಣ್ಣು ಬರೀಲಿಕ್ಕೆ ಚೆಂದ ಬರ್ತದೆ ಅಂತ ಅಕ್ಕನೇ ಹೇಳಿದ್ದು. ಸಾಯುವ ಮೊದಲು, ಎರಡೆರಡು ಸಲ ಹೇಳಿದ್ದಾರೆ."

ಲಕೋಟೆಯ ಮೂಲೆಯಲ್ಲಿ ಕೆಂಪು ಗೀಟು ಇರಲಿಲ್ಲ. ಒಳಗೆ ಎರಡು ಫಲಕಗಳಿದ್ದವು. ಒಂದು, ನಾನು ಕಣ್ಣು ಕೆರೆದ ನಾಯಿಯದು. ಇನ್ನೊಂದು ಬಾಯಮ್ಮನದು. ಅದೇ ಕುರ್ಚಿ, ಅದೇ ಕಾರಂಜಿಯ ಪರದೆ. ಅಂಚಿನಲ್ಲಿ ಅವರ ಕೈಬರಹದ ನಂಬರು. ಸಾವಿರಗಟ್ಟಲೆ ಫಲಕ ದಾಟಿ ಮುಂದೆ ಬಂದಿದ್ದ ಸ್ಟುಡಿಯೋದಲ್ಲಿ ಅವರು ತಮಗೆ ಹಾಕಿಕೊಂಡದ್ದು ಆ ನಾಯಿಯ ನಂಬರು, ಇನ್ನೂರ ಹದಿನಾಲ್ಕು.

ನನ್ನ ಸರದಿ ಬಂದಿತ್ತು. ಫಲಕಗಳನ್ನು ಲಕೋಟೆಗೆ ತಿರುಗಿ ಹಾಕಿದೆ.

"ಎಂತ, ಆಗುದಿಲ್ವಾ?" ಎಂದ ತಮ್ಮ.

"ಆಗುದಿಲ್ಲ. ಆ ನಾಯಿಗೆ ಕಣ್ಣು ಬರೆದದ್ದು ನಾನು. ಬಾಯಮ್ಮ ಅಲ್ಲ," ಎಂದೆ. ಎಂಟು ವರ್ಷದ ಮೇಲೆ, ಏನೂ ಗೊತ್ತಿಲ್ಲದ ಆ ಮನುಷ್ಯನ ಮುಂದೆ.

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಪ್ರಿಂಟು ಹಾಕಿ ಕೊಟ್ಟೆ. ಅವನು ಹಾರಾಡಿದ, ಅದನ್ನು ನನ್ನ ಮೇಜಿನ ಮೇಲೇ ಎಸೆದು, ಬೇರೆ ಸ್ಟುಡಿಯೋದಲ್ಲಿ ಯಾವುದೋ ಹಳೆಯ ಪಟ ದೊಡ್ಡದು ಮಾಡಿಸಿಕೊಂಡು ಹೋದ. ಪೂಜೆಯ ದಿನ ಹೂವಿನ ಹಾರದೊಳಗೆ ಎರಡು ಕಣ್ಣಿನ, ಗೆರೆಯಿಲ್ಲದ, ಯಾರನ್ನು ಬೇಕಾದರೂ ಕ್ಷಮಿಸುವ ಮುಖದ ಹೆಂಗಸೊಬ್ಬರು ಇದ್ದರು. ನನಗೆ ಅವರ ಗುರುತು ಹತ್ತಲಿಲ್ಲ.

ಅವನು ಎಸೆದ ಪ್ರಿಂಟನ್ನು ನಾನು ಮೆಟ್ಟಿಲ ಬುಡದ ಗಾಜಿನ ಪೆಟ್ಟಿಗೆಯಲ್ಲಿ ತೂಗಿಸಿದೆ. ಸ್ಟುಡಿಯೋ ಕೈಬದಲಾಗುವ ತನಕ ಅದು ಅಲ್ಲೇ ಇತ್ತು. ಕೆಳಗೆ ನನ್ನ ಕೈಯಾರೆ, ಅವರ ಪದ್ಧತಿಯಲ್ಲೇ ಬರೆದಿದ್ದೆ: ಎಡಗಣ್ಣು ಇಲ್ಲ. ಕಚ್ಚುತ್ತಾರೆ.